ಕೀಲುಗಳನ್ನ ಪುಸ್ತಕ ಮುಚ್ಚಿಟ್ಟು ಮೈ ಮುಟ್ಟಿ ಕಲಿಯೋದು ಹೇಗೆ

ಕೀಲುಗಳ ಪಾಠ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಒಂದು ಟೇಬಲ್. ಎಡಗಡೆ ಕೀಲಿನ ವಿಧ, ಬಲಗಡೆ ಉದಾಹರಣೆ, ಬಿಜಾಗರಿ ಕೀಲು ಅಂದ್ರೆ ಮೊಣಕೈ, ಚೆಂಡು-ಗುಳಿ ಕೀಲು ಅಂದ್ರೆ ಭುಜ, ಹಂಗೇ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತುಬಿಡ್ತೀವಿ. ಫಿಸಿಯೋಥೆರಪಿ ಮೊದಲನೇ ವರ್ಷದಲ್ಲಿ ನಾನೂ ಅದನ್ನೇ ಮಾಡಿದ್ದು. ಒಂದಿನ ಪ್ರಾಕ್ಟಿಕಲ್ ಕ್ಲಾಸಲ್ಲಿ ಮೇಷ್ಟ್ರು "ಎಲ್ಲಿ, ನಿಮ್ಮ ನಿಮ್ಮ ಸೊಂಟದ ಕೀಲಿನ ಮೇಲೆ ಬೆರಳಿಡಿ ನೋಡೋಣ" ಅಂದ್ರು. ನಾನು ಪಕ್ಕದಲ್ಲಿ ಉಬ್ಬಿರೋ ಮೂಳೆ ಮೇಲೆ ಕೈ ಇಟ್ಟೆ, ಸುತ್ತ ನೋಡಿದ್ರೆ ಬಹುತೇಕ ಎಲ್ಲರ ಕೈಯೂ ಅಲ್ಲೇ ಇತ್ತು, ಎಲ್ಲರದ್ದೂ ತಪ್ಪು. ಟೇಬಲ್ ಮಾತ್ರ ಎಲ್ಲರಿಗೂ ಸರಾಗವಾಗಿ ಬರ್ತಿತ್ತು. ಅವತ್ತಿಂದ ನನಗೆ ಒಂದು ಹಟ, ಕೀಲನ್ನ ಮೊದಲು ಬೆರಳಲ್ಲಿ ಹುಡುಕ್ಬೇಕು, ಆಮೇಲೆ ಅಲ್ಲಾಡಿಸಿ ನೋಡ್ಬೇಕು, ಹೆಸರು ಎಲ್ಲಾ ಆದ್ಮೇಲೆ. ಈಗ ಬೇರೆಯವರಿಗೆ ಹೇಳಿಕೊಡುವಾಗಲೂ ಅದೇ ದಾರಿ, ಇಲ್ಲೂ ಅದನ್ನೇ ಬರೀತಿದ್ದೀನಿ.

ಓದ್ತಾ ಓದ್ತಾನೇ ಮಾಡ್ಕೊಂಡು ಹೋಗಿ. ಬೇಕಾಗಿರೋದು ಒಂದು ಕುರ್ಚಿ, ಒಂದು ಸ್ಕೆಚ್ ಪೆನ್, ಮಂಡಿ ಮತ್ತೆ ತೋಳು ಕಾಣೋವಂಥ ಬಟ್ಟೆ, ಅಷ್ಟೇ. ಊದಿರೋ ಕೀಲು, ಇತ್ತೀಚೆಗೆ ಪೆಟ್ಟಾಗಿರೋ ಕೀಲು, ಆಪರೇಷನ್ ಆಗಿರೋ ಕೀಲು ಇದ್ರೆ ಅದನ್ನ ಬಿಟ್ಟು ಮುಂದಕ್ಕೆ ಹೋಗಿ. ಸೊಂಟದ ಕೀಲು ಬದಲಿಸಿಕೊಂಡವರು ಕಾಲು ತಿರುಚೋ ಯಾವ ಪ್ರಯೋಗನೂ ಮಾಡಬೇಡಿ. ಬೇರೆ ಎಲ್ಲರಿಗೂ ನಿಯಮ ಒಂದೇ, ಬಿಗಿ ಅನಿಸಿದ್ರೆ ಪರವಾಗಿಲ್ಲ, ನೋವು ಅನಿಸಿದ್ರೆ ಅಲ್ಲೇ ನಿಲ್ಲಿಸಿ.

ಪ್ರತಿ ಕೀಲಿಗೂ ಮೂರು ಪ್ರಶ್ನೆ ಕೇಳಿ. ಎಲ್ಲಿದೆ? ಯಾವ್ಯಾವ ಕಡೆ ಹೋಗತ್ತೆ? ಯಾವುದು ಅದನ್ನ ನಿಲ್ಲಿಸತ್ತೆ? ಮೂರನೇದನ್ನ ಪುಸ್ತಕಗಳು ಅಷ್ಟಾಗಿ ಹೇಳಲ್ಲ, ಆದ್ರೆ ಕೀಲು ಅರ್ಥ ಆಗೋದೇ ಅದರಿಂದ. ಮೊಣಕೈ ಇಂದ ಶುರು ಮಾಡೋಣ. ಕೈ ಪೂರ್ತಿ ಚಾಚಿ. ಕೊನೇಲಿ ಟಕ್ ಅಂತ ಗಟ್ಟಿಯಾಗಿ ನಿಲ್ಲತ್ತೆ ಅಲ್ವಾ, ಅದು ಮೂಳೆಗೆ ಮೂಳೆ ತಾಗಿ ನಿಂತಿದ್ದು, ಮುಂಗೈ ಮೂಳೆಯ ಹಿಂದಿನ ಮೂಗು ಹೋಗಿ ರಟ್ಟೆ ಮೂಳೆಯ ಹಿಂಬದಿ ಗುಳೀಲಿ ಕೂತ್ಕೊಳ್ಳತ್ತೆ. ಈಗ ಪೂರ್ತಿ ಮಡಿಸಿ. ಈ ಸಲ ಮೆತ್ತಗೆ ನಿಲ್ಲತ್ತೆ, ಯಾಕಂದ್ರೆ ಮುಂಗೈ ಮಾಂಸ ಬಂದು ರಟ್ಟೆ ಮಾಂಸಕ್ಕೆ ಒತ್ಕೊಳ್ಳತ್ತೆ. ಇನ್ನು ಅಂಗೈನ ಹಿಂದಕ್ಕೆ ಬಗ್ಗಿಸಿ ಇನ್ನೊಂದು ಕೈಯಿಂದ ನಿಧಾನಕ್ಕೆ ಒತ್ತಿ, ಅಲ್ಲಿ ಗಟ್ಟಿನೂ ಅಲ್ಲ ಮೆತ್ತಗೂ ಅಲ್ಲ, ಬೆಲ್ಟ್ ಎಳೆದ ಹಾಗೆ ಬಿಗಿಯಾಗ್ತಾ ಬಂದು ನಿಲ್ಲತ್ತೆ, ಅದು ಲಿಗಮೆಂಟ್ (ಮೂಳೆಯನ್ನ ಮೂಳೆಗೆ ಕಟ್ಟಿರೋ ಪಟ್ಟಿ) ಮತ್ತೆ ಕೀಲಿನ ಹೊದಿಕೆ ಹಿಡ್ಕೊಂಡಿದ್ದು. ಈ ಮೂರು ಥರದ ನಿಲುಗಡೆ ಕೈಗೆ ಒಂದು ಸಲ ಪರಿಚಯ ಆದ್ರೆ ಸಾಕು, ಮುಂದೆ ಯಾವ ಕೀಲು ಹಿಡಿದ್ರೂ ಇದು ಯಾವ ಥರ ಅಂತ ಹೇಳಬಹುದು. ಕೆಲವರಿಗೆ ಮೊಣಕೈ ನೇರ ಆದ್ಮೇಲೂ ಐದು-ಹತ್ತು ಡಿಗ್ರಿ ಹಿಂದಕ್ಕೆ ಬಾಗತ್ತೆ, ಹೆಂಗಸರಲ್ಲಿ ಇದು ಜಾಸ್ತಿ, ಅದು ಕಾಯಿಲೆ ಅಲ್ಲ.

ಮೊಣಕೈ ಬಿಡೋಕೆ ಮುಂಚೆ ಇನ್ನೊಂದು. ಹೆಬ್ಬೆರಳು ಮತ್ತೆ ನಡುಬೆರಳನ್ನ ಮೊಣಕೈ ಎರಡೂ ಪಕ್ಕದ ಗುಬುಟಿನ ಮೇಲಿಡಿ, ತೋರುಬೆರಳನ್ನ ಹಿಂದಿನ ಚೂಪು ಮೂಳೆ ಮೇಲಿಡಿ. ಕೈ ನೇರ ಇದ್ದಾಗ ಮೂರೂ ಒಂದೇ ಗೆರೇಲಿ ಇರತ್ತೆ, 90 ಡಿಗ್ರಿ ಮಡಿಸಿದ್ರೆ ತ್ರಿಕೋನ ಆಗತ್ತೆ. ಕೀಲು ಜಾಗ ತಪ್ಪಿದ್ರೆ ಈ ತ್ರಿಕೋನ ಕೆಡತ್ತೆ, ಎಕ್ಸ್‌ರೇ ಬರೋಕೆ ಮುಂಚೆನೂ ಕೈಯಲ್ಲೇ ಅನುಮಾನ ಬರೋದು ಇದರಿಂದನೇ. ಒಳಗಡೆ ಗುಬುಟಿನ ಹಿಂದೆ ಒಂದು ಸಣ್ಣ ಸಂದು ಸಿಗತ್ತೆ, ಅಲ್ಲಿ ಹೋಗೋದು ಅಲ್ನಾರ್ ನರ, ಮೊಣಕೈ ತಾಗಿಸ್ಕೊಂಡಾಗ ಕಿರುಬೆರಳವರೆಗೂ ಕರೆಂಟ್ ಹೊಡೆದ ಹಾಗಾಗೋದು ಮೂಳೆಗಲ್ಲ, ಆ ನರಕ್ಕೆ ಪೆಟ್ಟು ಬಿದ್ದಿದ್ದಕ್ಕೆ.

ಈಗ ಅಂಗೈ ಮೇಲೆ ಕೆಳಗೆ ಮಾಡಿ. ಇದು ಮಣಿಕಟ್ಟಿನ ಚಲನೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಅಲ್ಲ. ಮೊಣಕೈನ ಪಕ್ಕೆಗೆ ಅಂಟಿಸಿ 90 ಡಿಗ್ರಿ ಮಡಿಸಿ, ಹೆಬ್ಬೆರಳು ಮೇಲಕ್ಕಿರಲಿ. ಕಿರುಬೆರಳ ಕಡೆಯ ಮೂಳೆ ಅಲ್ನಾ, ಅದರ ಏಣು ಮೊಣಕೈ ತುದಿಯಿಂದ ಮಣಿಕಟ್ಟಿನವರೆಗೂ ಚರ್ಮದ ಕೆಳಗೇ ಸಿಗತ್ತೆ, ಅದನ್ನ ಇನ್ನೊಂದು ಕೈಯಲ್ಲಿ ಹಿಡ್ಕೊಂಡು ಅಂಗೈ ತಿರುಗಿಸಿ. ಅಲ್ನಾ ಹೆಚ್ಚುಕಮ್ಮಿ ಇದ್ದಲ್ಲೇ ಇರತ್ತೆ, ಹೆಬ್ಬೆರಳ ಕಡೆಯ ರೇಡಿಯಸ್ ಅದರ ಮೇಲೆ ಉರುಳಿ ಅಡ್ಡ ಮಲಗತ್ತೆ. ಎರಡೂ ಕಡೆಗೆ ಸುಮಾರು 80 ಡಿಗ್ರಿ. ಮೊಣಕೈ ಪಕ್ಕೆಗೆ ಅಂಟಿಸಿ ಅಂದಿದ್ದು ಯಾಕೆ ಗೊತ್ತಾ, ಬಿಟ್ರೆ ಭುಜ ಬಂದು ಸಹಾಯ ಮಾಡತ್ತೆ, ತಿರುಗಿದ್ದು ಯಾರು ಅಂತ ಗೊತ್ತಾಗಲ್ಲ. ಒಂದು ಕೀಲಿಗೆ ಆಗದೇ ಇದ್ದಿದ್ದನ್ನ ಪಕ್ಕದ ಕೀಲು ಸದ್ದಿಲ್ಲದೆ ಮಾಡಿಕೊಡತ್ತೆ, ಹಾಗಾಗಿ ಒಂದನ್ನ ನೋಡ್ಬೇಕಾದ್ರೆ ಪಕ್ಕದ್ದನ್ನ ಕಟ್ಟಿಹಾಕಿ.

ಹೆಸರುಗಳ ವಿಷಯ ಇಲ್ಲೇ ಮುಗಿಸಿಬಿಡ್ತೀನಿ. ನೇರ ನಿಂತು ಅಂಗೈ ಮುಂದಕ್ಕೆ ತೋರಿಸಿ, ಹೆಬ್ಬೆರಳು ಹೊರಗಡೆಗೆ. ಎಲ್ಲಾ ಚಲನೆಗೂ ಹೆಸರಿಡೋದು ಈ ನಿಲುವಿಂದ, ಯಾಕಂದ್ರೆ ಹೀಗಿದ್ದಾಗ ಮುಂಗೈಯ ಎರಡೂ ಮೂಳೆ ಒಂದರ ಪಕ್ಕ ಒಂದು ಇರತ್ತೆ. ಮಡಿಸೋದು ಫ್ಲೆಕ್ಷನ್, ಚಾಚೋದು ಎಕ್ಸ್‌ಟೆನ್ಷನ್, ಮೈಯ ನಡುಗೆರೆಯಿಂದ ದೂರ ತಗೊಂಡು ಹೋಗೋದು ಅಬ್ಡಕ್ಷನ್, ಹತ್ತಿರ ತರೋದು ಅಡಕ್ಷನ್, ತನ್ನದೇ ಉದ್ದದ ಸುತ್ತ ತಿರುಗೋದು ರೊಟೇಷನ್. ಎಡವೋದು ಎಲ್ಲಿ ಅಂದ್ರೆ ಫ್ಲೆಕ್ಷನ್ ಅಂದ್ರೆ ಮುಂದಕ್ಕೆ ಹೋಗೋದು ಅಂತ ಅಂದ್ಕೊಳ್ಳೋದು, ಮಂಡಿ ಮಡಿಸಿದ್ರೆ ಕಾಲು ಹಿಂದಕ್ಕೆ ಹೋಗತ್ತಲ್ಲ, ಅದೂ ಫ್ಲೆಕ್ಷನ್ನೇ.

ತಲೆಬುರುಡೆಯ ಹೊಲಿಗೆ ಥರದ ಕೀಲು, ಹಲ್ಲು ದವಡೆಯಲ್ಲಿ ಊರಿರೋ ಕೀಲು, ಇವು ಅಲ್ಲಾಡೋಕೆ ಇರೋದಲ್ಲ, ಬಿಡಿ. ಅಲ್ಲಾಡೋ ಕೀಲುಗಳ ಒಳಗೆ ಏನಿದೆ ಅಂತ ಮಾತ್ರ ಒಂದು ಸಲ ಕಣ್ಮುಚ್ಚಿ ನೋಡ್ಕೊಳ್ಳಿ. ಮೂಳೆ ತುದಿಗಳ ಮೇಲೆ ಕಾರ್ಟಿಲೇಜ್ ಅನ್ನೋ ನುಣುಪಾದ ಪದರ, ಸುತ್ತ ಒಂದು ಚೀಲ, ಚೀಲದೊಳಗೆ ಮೊಟ್ಟೆಯ ಬಿಳಿಲೋಳೆ ಥರದ ದ್ರವ, ಮಂಡಿಯಂಥ ದೊಡ್ಡ ಕೀಲಲ್ಲೂ ಬರೀ ಕೆಲವು ಎಂಎಲ್. ಕಾರ್ಟಿಲೇಜ್‌ಗೆ ರಕ್ತನಾಳ ಇಲ್ಲ. ಅದಕ್ಕೆ ಆಹಾರ ಸಿಗೋದು ಈ ದ್ರವದಿಂದ, ಸ್ಪಂಜ್ ಒತ್ತಿ ಬಿಟ್ಟ ಹಾಗೆ ಭಾರ ಬಿದ್ದಾಗ ಹಿಂಡಿ, ಬಿಟ್ಟಾಗ ಹೀರ್ಕೊಳ್ಳತ್ತೆ. ಅಲ್ಲಾಡಿಸದೇ ಇಟ್ಟ ಕೀಲು ಹಸಿದಿರತ್ತೆ ಅಂತ ನಾನು ಹೇಳೋದು ಅದಕ್ಕೇನೇ. ಕಾರ್ಟಿಲೇಜ್‌ಗೆ ನರನೂ ಇಲ್ಲ, ಕೀಲು ನೋವು ಅಂತ ನಮಗೆ ಗೊತ್ತಾಗೋದು ಸುತ್ತಲಿನ ಚೀಲ, ಲಿಗಮೆಂಟ್, ಒಳಗಿನ ಮೂಳೆ ಇವುಗಳಿಂದ.

ಬೆರಳಿಗೆ ಬನ್ನಿ. ಬೆರಳು ನೇರ ಮಾಡಿ ಅಗಲಿಸಿ, ಆರಾಮಾಗಿ ಬರತ್ತೆ. ಈಗ ಬುಡದ ಗೆಣ್ಣುಗಳನ್ನ 90 ಡಿಗ್ರಿ ಮಡಿಸಿ ಮತ್ತೆ ಅಗಲಿಸೋಕೆ ನೋಡಿ. ಆಗಲ್ಲ! ಅಂಗೈ ಮೂಳೆಯ ತುದಿ ಪೂರ್ತಿ ಗುಂಡಗಿಲ್ಲ, ಬೆರಳು ಮಡಿಸಿದಾಗ ಅದರ ಅಗಲವಾದ ಭಾಗ ಲಿಗಮೆಂಟ್ ಕೆಳಗೆ ಬರತ್ತೆ, ಆಗ ಎರಡೂ ಪಕ್ಕದ ಲಿಗಮೆಂಟ್ ಬಿಗಿಯಾಗಿಬಿಡತ್ತೆ. ಮುಷ್ಟಿ ಗಟ್ಟಿಯಾಗಿ ನಿಲ್ಲೋದು ಇದರಿಂದ. ಕೈಗೆ ಪೆಟ್ಟಾಗಿ ಪಟ್ಟಿ ಹಾಕ್ಬೇಕಾದ್ರೆ ಈ ಗೆಣ್ಣುಗಳನ್ನ ಸಾಮಾನ್ಯವಾಗಿ ಮಡಿಸೇ ಕಟ್ಟೋದೂ ಇದರಿಂದನೇ, ನೇರ ಇಟ್ಟು ಕಟ್ಟಿದ್ರೆ ಸಡಿಲ ಇರೋ ಲಿಗಮೆಂಟ್ ಅಷ್ಟಕ್ಕೇ ಕುಗ್ಗಿಬಿಟ್ಟು ಆಮೇಲೆ ಬೆರಳು ಮಡಿಸೋಕೆ ಬರಲ್ಲ. ಇನ್ನೊಂದು, ಬೆರಳು ಎಲ್ಲಿಂದ ಮಡಚತ್ತೆ ಅಂತ ಅಂಗೈ ಕಡೆಯಿಂದ ತೋರಿಸಿ ನೋಡಣ. ಬೆರಳ ಬುಡದ ಗೆರೆ ತೋರಿಸಿದ್ರೆ ತಪ್ಪು, ಕೀಲು ಇರೋದು ಅದಕ್ಕಿಂತ ಕೆಳಗೆ, ಅಂಗೈಯ ಮೇಲ್ಗಡೆ ಅಡ್ಡಗೆರೆ ಹತ್ರ. ಕೈ ಚಿತ್ರ ಬರೆಯೋರು ಇದೊಂದನ್ನ ತಿದ್ಕೊಂಡ್ರೆ ಕೈ ಕೈ ಥರ ಕಾಣತ್ತೆ.

ಬೆರಳು ಅಂದ್ಮೇಲೆ ನೆಟಿಕೆ ಮಾತು ಬಂದೇ ಬರತ್ತೆ. ನೆಟಿಕೆ ತೆಗೆದಾಗ ಬರೋದು ಮೂಳೆ ಸದ್ದಲ್ಲ. ಕೀಲನ್ನ ಜಗ್ಗಿದಾಗ ಒಳಗಿನ ಒತ್ತಡ ಒಮ್ಮೆಲೇ ಇಳಿದು ದ್ರವದಲ್ಲಿ ಗಾಳಿಗುಳ್ಳೆ ಏಳತ್ತೆ, ಸದ್ದು ಅದಕ್ಕೆ ಸಂಬಂಧಪಟ್ಟಿದ್ದು, ಆ ಅನಿಲ ಮತ್ತೆ ಕರಗೋಕೆ ಸುಮಾರು 20 ನಿಮಿಷ ಬೇಕು, ಹಾಗಾಗಿ ತಕ್ಷಣ ಅದೇ ಬೆರಳಲ್ಲಿ ಇನ್ನೊಂದು ನೆಟಿಕೆ ಬರಲ್ಲ. ಡೊನಾಲ್ಡ್ ಅಂಗರ್ ಅನ್ನೋ ಅಮೆರಿಕದ ಡಾಕ್ಟರ್ 50 ವರ್ಷ ಎಡಗೈ ಬೆರಳಲ್ಲಿ ಮಾತ್ರ ದಿನಕ್ಕೆ ಎರಡು ಸಲ ಆದ್ರೂ ನೆಟಿಕೆ ತೆಗೆದು ಬಲಗೈ ಹಾಗೇ ಬಿಟ್ಟು, ಎರಡರಲ್ಲೂ ಸಂಧಿವಾತ ಬಂದಿಲ್ಲ ಅಂತ 1998ರಲ್ಲಿ ಬರೆದ್ರು, 2009ರಲ್ಲಿ ಅದಕ್ಕೆ ಇಗ್ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋದು) ಬಹುಮಾನನೂ ಬಂತು. ಒಬ್ಬರ ಕೈ ಅಷ್ಟೇ, ಅದರಿಂದ ಎಲ್ಲಾ ಸಾಬೀತಾಗಲ್ಲ, ಆದ್ರೂ ಅಷ್ಟು ವರ್ಷದ ತಾಳ್ಮೆಗೆ ನನಗೆ ಗೌರವ ಇದೆ.

ಹೆಬ್ಬೆರಳ ಬುಡ ಮಣಿಕಟ್ಟಿನ ಹತ್ರ ಇದೆ, ಕುದುರೆ ಜೀನಿನ ಆಕಾರದ ಎರಡು ಮೂಳೆ ಒಂದಕ್ಕೊಂದು ಅಡ್ಡ ಕೂತಿರೋ ಕೀಲು. ಅಂಗೈ ನಿಮ್ಮ ಕಡೆ ಇಟ್ಕೊಂಡು ಹೆಬ್ಬೆರಳ ಉಗುರನ್ನೇ ನೋಡ್ತಾ ನಿಧಾನಕ್ಕೆ ಕಿರುಬೆರಳ ತುದಿ ಮುಟ್ಟಿಸಿ. ಪಕ್ಕಕ್ಕೆ ನೋಡ್ತಿದ್ದ ಉಗುರು ತಿರುಗಿ ನಿಮ್ಮ ಮುಖ ನೋಡೋಕೆ ಶುರು ಮಾಡತ್ತೆ. ಈ ತಿರುವು ಇಲ್ಲದಿದ್ರೆ ಪೆನ್ ಹಿಡಿಯೋದು, ಗುಂಡಿ ಹಾಕೋದು ಯಾವುದೂ ಇಲ್ಲ.

ಭುಜಕ್ಕೆ ಬಂದ್ರೆ ಒಂದಲ್ಲ, ಒಂದು ಗುಂಪು ಕೀಲು. ಮೊದಲು ಕತ್ತಿನ ಬುಡದ ಗುಳಿ ಪಕ್ಕ, ಕಾಲರ್ ಬೋನ್ ಎದೆಮೂಳೆಗೆ ಸೇರೋ ಕಡೆ ಬೆರಳಿಟ್ಟು ಹೆಗಲು ಮೇಲೆ ಕೆಳಗೆ ಮಾಡಿ. ಅಲ್ಲಿ ಮೂಳೆ ಅಲ್ಲಾಡೋದು ಗೊತ್ತಾಗತ್ತೆ. ಇಡೀ ಕೈ ಮೈಗೆ ಮೂಳೆಯಿಂದ ಮೂಳೆಗೆ ಸೇರಿರೋದು ಅದೊಂದೇ ಜಾಗದಲ್ಲಿ, ಉಳಿದದ್ದೆಲ್ಲಾ ಸ್ನಾಯುಗಳ ಕಟ್ಟು! ಇದು ನನಗೆ ಮೊದಲು ಗೊತ್ತಾದಾಗ ಒಂದು ವಾರ ಅಲ್ಲೇ ಬೆರಳಿಟ್ಕೊಂಡು ಓಡಾಡಿದ್ದೆ. ಈಗ ಒಂದು ಕೈಯನ್ನ ಇನ್ನೊಂದು ಕಂಕುಳ ಕೆಳಗಿಂದ ಹಿಂದಕ್ಕೆ ಹಾಕಿ ಭುಜದ ಹಲಗೆಯ ಕೆಳತುದಿ ಹುಡುಕಿ, ಆ ಕಡೆ ಕೈಯನ್ನ ಪಕ್ಕದಿಂದ ಮೇಲಕ್ಕೆತ್ತಿ. ತುದಿ ಹೊರಗಡೆಗೆ ಜಾರ್ತಾ ಬರತ್ತೆ. ಕೈ 180 ಡಿಗ್ರಿ ಮೇಲೆ ಹೋದ್ರೆ ಅದರಲ್ಲಿ ಸುಮಾರು 120 ಚೆಂಡು-ಗುಳಿ ಕೀಲಿಂದ, 60 ಈ ಹಲಗೆ ಜಾರೋದ್ರಿಂದ.

ಭುಜದಲ್ಲೇ ಇನ್ನೊಂದು ಪ್ರಯೋಗ, ಭುಜ ನೋವಿದ್ದವರು ಬಿಟ್ಟುಬಿಡಿ. ಹೆಬ್ಬೆರಳು ನೆಲದ ಕಡೆ ತೋರಿಸ್ತಾ ಕೈಯನ್ನ ಪಕ್ಕದಿಂದ ನಿಧಾನಕ್ಕೆ ಎತ್ತಿ. ಹೆಗಲ ಮಟ್ಟದ ಹತ್ರ ಬಂದು ಅಡ್ಡಿ ಅನಿಸತ್ತೆ. ಅಲ್ಲೇ ಹೆಬ್ಬೆರಳನ್ನ ಆಕಾಶಕ್ಕೆ ತಿರುಗಿಸಿ, ದಾರಿ ಬಿಟ್ಟ ಹಾಗೆ ಮೇಲೆ ಹೋಗತ್ತೆ. ರಟ್ಟೆ ಮೂಳೆಯ ತಲೆ ಪಕ್ಕ ಒಂದು ಉಬ್ಬಿದೆ, ಕೈ ಒಳಕ್ಕೆ ತಿರುಗಿದ್ರೆ ಅದು ಹೋಗಿ ಹೆಗಲ ಮೇಲಿನ ಮೂಳೆ ಸೂರಿಗೆ ಸಿಕ್ಕಿಹಾಕ್ಕೊಳ್ಳತ್ತೆ, ಹೊರಕ್ಕೆ ತಿರುಗಿದ್ರೆ ಹಿಂದಕ್ಕೆ ಜಾರಿ ತಪ್ಪಿಸ್ಕೊಳ್ಳತ್ತೆ. ಗುಳಿ ತೀರಾ ಆಳ ಇಲ್ಲ, ಸೌಟಿನ ಮೇಲೆ ಚೆಂಡು ಇಟ್ಟ ಹಾಗೆ, ಚೆಂಡನ್ನ ಅಲ್ಲೇ ಹಿಡಿದಿಡೋದು ರೊಟೇಟರ್ ಕಫ್ ಅನ್ನೋ ನಾಲ್ಕು ಸ್ನಾಯು. ಇಷ್ಟೊಂದು ಸ್ವಾತಂತ್ರ್ಯ ಸಿಕ್ಕಿರೋದು ಭದ್ರತೆ ಬಿಟ್ಟುಕೊಟ್ಟು, ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಜಾರೋದು ಇದೇ.

ಸೊಂಟದ ಕೀಲು ಎಲ್ಲಿ ಅಂತ ಈಗ ಹುಡುಕೋಣ. ಕೂತ್ಕೊಂಡು ತೊಡೆ ಸ್ವಲ್ಪ ಎತ್ತಿ, ತೊಡೆಸಂದಿನಲ್ಲಿ ಒಂದು ಮಡಿಕೆ ಬೀಳತ್ತಲ್ಲ, ಆ ಮಡಿಕೆಯ ಮಧ್ಯಕ್ಕೆ ಬೆರಳಿಡಿ. ಕೀಲು ಅದರ ಹಿಂದೆ, ಆಳದಲ್ಲಿದೆ. ಹಾಗಾದ್ರೆ ಪಕ್ಕದ ಉಬ್ಬು ಏನು? ಎದ್ದು ನಿಂತು ಅದರ ಮೇಲೆ ಅಂಗೈ ಇಟ್ಟು ಪಾದ ಒಳಗೆ ಹೊರಗೆ ತಿರುಗಿಸಿ, ಉಬ್ಬು ಕೈ ಕೆಳಗೆ ಉರುಳತ್ತೆ, ಅದು ತೊಡೆಮೂಳೆಯದೇ ಭಾಗ. ಇದು ಬರೀ ಪರೀಕ್ಷೆ ಪ್ರಶ್ನೆ ಅಲ್ಲ, ಕೀಲಿನದೇ ತೊಂದರೆ ಆದ್ರೆ ನೋವು ಹೆಚ್ಚಾಗಿ ತೊಡೆಸಂದಲ್ಲಿ ಕಾಣಿಸ್ಕೊಳ್ಳತ್ತೆ, ಪಕ್ಕದ ಉಬ್ಬಿನ ಮೇಲಿನ ನೋವು ಹೆಚ್ಚಾಗಿ ಸ್ನಾಯುವನ್ನ ಮೂಳೆಗೆ ಅಂಟಿಸೋ ಅಲ್ಲಿನ ಟೆಂಡನ್‌ಗಳದ್ದು. ಮಲ್ಕೊಂಡು ಮಂಡಿ ಮಡಿಸಿ ತೊಡೆ ಎತ್ತಿದ್ರೆ ಸುಮಾರು 120 ಡಿಗ್ರಿ ಬರತ್ತೆ, ಅದೇ ಕಾಲು ನೇರ ಇಟ್ಟು ಎತ್ತಿ, 80-90ಕ್ಕೆಲ್ಲಾ ತೊಡೆ ಹಿಂದೆ ಎಳೆಯತ್ತೆ. ಕೀಲು ಅದೇ, ನಿಲ್ಲಿಸಿದ್ದು ಬೇರೆ. ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಸೊಂಟ ಮಂಡಿ ಎರಡನ್ನೂ ದಾಟಿ ಹೋಗೋದ್ರಿಂದ ಎರಡೂ ಕಡೆ ಒಟ್ಟಿಗೆ ಉದ್ದ ಕೊಡೋಕೆ ಅದಕ್ಕಾಗಲ್ಲ.

ಮಂಡಿಯನ್ನ ಬಿಜಾಗರಿ ಅಂತ ಓದಿದ್ದೀರಲ್ಲ, ಪೂರ್ತಿ ನಿಜ ಅಲ್ಲ. ಕುರ್ಚೀಲಿ ಕೂತು ಹಿಮ್ಮಡಿ ಊರಿ, ತೊಡೆ ಅಲ್ಲಾಡದ ಹಾಗೆ ಬೆರಳ ತುದಿಗಳನ್ನ ಒಳಗೆ ಹೊರಗೆ ತಿರುಗಿಸಿ. ಮಂಡಿಯಿಂದ ಕೆಳಗೆ ಕಾಲು ತಿರುಗತ್ತೆ, ಹೊರಗಡೆಗೆ ಜಾಸ್ತಿ, ಒಳಗಡೆಗೆ ಕಮ್ಮಿ. ಕಾಲು ನೇರ ಮಾಡಿ ಅದನ್ನೇ ಮಾಡಿ, ಈಗ ತಿರುಗೋದು ಸೊಂಟದಿಂದ, ಮಂಡಿ ಬೀಗ ಹಾಕ್ಕೊಂಡಿದೆ. ಬೀಗ ಬೀಳೋದನ್ನ ಕಣ್ಣಲ್ಲೇ ನೋಡ್ಬೇಕಾ? ಎತ್ತರದ ಮೇಜಿನ ಅಂಚಲ್ಲಿ ಕೂತು ಕಾಲು ಇಳಿಬಿಟ್ಟು ಮಂಡಿಚಿಪ್ಪಿನ ನಡುವೆ ಸ್ಕೆಚ್ ಪೆನ್ನಲ್ಲಿ ಒಂದು ಚುಕ್ಕಿ, ಅದರ ನೇರ ಕೆಳಗೆ ಕಾಲುಮೂಳೆಯ ಗುಬುಟಿನ ಮೇಲೆ ಇನ್ನೊಂದು ಚುಕ್ಕಿ ಇಡಿ. ನಿಧಾನಕ್ಕೆ ಕಾಲು ಪೂರ್ತಿ ಚಾಚಿ. ಕೆಳಗಿನ ಚುಕ್ಕಿ ಸ್ವಲ್ಪ ಹೊರಗಡೆಗೆ ಸರಿಯತ್ತೆ, ಕೊನೆಯ ಕೆಲವು ಡಿಗ್ರೀಲಿ ಕಾಲುಮೂಳೆ ಸ್ಕ್ರೂ ಥರ ತಿರುಗಿ ಬಿಗಿಯಾಗೋದು ಅದು. ಬಿಚ್ಚೋಕೆ ಮಂಡಿ ಹಿಂದೆ ಪಾಪ್ಲಿಟಿಯಸ್ ಅಂತ ಒಂದು ಸಣ್ಣ ಸ್ನಾಯು ಇದೆ. ಮೂಳೆಗಳ ನಡುವೆ ಎರಡು ಗಾದಿ, ಒಳಗಿನದು ಅರ್ಧಚಂದ್ರದ ಥರ, ಹೊರಗಿನದು ಹೆಚ್ಚುಕಮ್ಮಿ ಉಂಗುರ. ಆಟ ಆಡುವಾಗ ಪಾದ ನೆಲಕ್ಕೆ ಕಚ್ಕೊಂಡಿದ್ದು ಮಂಡಿ ಸ್ವಲ್ಪ ಮಡಚಿದ್ದಾಗ ಮೈ ತಿರುಗಿದ್ರೆ ಬೀಗ ಇಲ್ಲದ ಹೊತ್ತಲ್ಲಿ ತಿರುಚು ಬಿದ್ದ ಹಾಗೆ, ಗಾದಿ ಅಥವಾ ಎಸಿಎಲ್ (ಮಂಡಿಯೊಳಗಿನ ಒಂದು ಲಿಗಮೆಂಟ್) ಹರಿಯೋದು ಎಷ್ಟೋ ಸಲ ಆಗಲೇ.

ಪಾದದ ಹರಡು ಎರಡು ಅಂತಸ್ತಿನ ಕೀಲು. ಮೇಲಿನದು ಪಾದ ಮೇಲೆ ಕೆಳಗೆ ಮಾಡತ್ತೆ, ಮೇಲಕ್ಕೆ ಸುಮಾರು 20, ಕೆಳಕ್ಕೆ ಸುಮಾರು 50 ಡಿಗ್ರಿ. ಕೆಳಗಿನದು ಅಂಗಾಲನ್ನ ಒಳಗೆ ಹೊರಗೆ ಹೊರಳಿಸತ್ತೆ. ಎರಡರ ಮಧ್ಯೆ ಇರೋ ಟೇಲಸ್ ಮೂಳೆಗೆ ಒಂದೇ ಒಂದು ಸ್ನಾಯುನೂ ಅಂಟಿಲ್ಲ, ಸುತ್ತಲಿನವರು ತಳ್ಳಿದ ಕಡೆ ಅದು ಹೋಗತ್ತೆ ಅಷ್ಟೇ. ಅದರ ಮುಂಭಾಗ ಅಗಲ, ಹಿಂಭಾಗ ಕಿರಿದು. ಪಾದ ಮೇಲಕ್ಕೆ ಎಳೆದಾಗ ಅಗಲ ಭಾಗ ಸಂದಿಗೆ ಬಂದು ಬಿಗಿಯಾಗಿ ಕೂರತ್ತೆ, ಬೆರಳು ಕೆಳಗೆ ಮಾಡಿದಾಗ ಕಿರಿದು ಭಾಗ ಬಂದು ಸಡಿಲ ಆಗತ್ತೆ. ಎರಡೂ ಸ್ಥಿತೀಲಿ ಹಿಮ್ಮಡಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ, ವ್ಯತ್ಯಾಸ ಕೈಗೇ ಸಿಗತ್ತೆ. ನಾನು ಕಾಲು ಉಳುಕಿಸ್ಕೊಂಡಿದ್ದು ಮೆಟ್ಟಿಲು ಇಳಿಯುವಾಗ, ಕೊನೆ ಮೆಟ್ಟಿಲು ಆಯ್ತು ಅಂದ್ಕೊಂಡು ಇನ್ನೊಂದಿತ್ತು, ಬೆರಳು ಕೆಳಗಾಗಿದ್ದಾಗಲೇ ಪಾದ ಒಳಕ್ಕೆ ಹೊರಳ್ತು, ಹೊರಗಡೆ ಗುಬುಟಿನ ಮುಂದೆ ಊತ. ಪುಸ್ತಕದಲ್ಲಿ ಅತಿ ಹೆಚ್ಚು ಉಳುಕೋ ಲಿಗಮೆಂಟ್ ಅಂತ ಬರೆದಿರೋದೂ ಸರಿಯಾಗಿ ಅದೇ ಜಾಗದ್ದು.

ಬೆನ್ನಿನ ಬಗ್ಗೆ ಬೇಗ ಹೇಳಿಬಿಡ್ತೀನಿ. ಕೂತು ಮೈ ತಿರುಗಿಸಿದಾಗ ಸೊಂಟ ತಿರುಗ್ತು ಅಂತೀವಿ, ಆದ್ರೆ ಸೊಂಟದ ಹಿಂದೆ ಬೆನ್ನಿನ ಕೆಳಭಾಗದ ಐದು ಮೂಳೆ ಸೇರಿದ್ರೂ ತಿರುಗೋದು ತೀರಾ ಕಮ್ಮಿ, ಜಾಸ್ತಿ ಪಾಲು ಎದೆ ಹಿಂದಿನ 12 ಮೂಳೆಗಳದ್ದು. ಕತ್ತಲ್ಲಿ ಮಾತ್ರ ಒಂದು ಚೆಂದದ ಏರ್ಪಾಡಿದೆ. ಹೂಂ ಅಂತ ತಲೆ ಆಡಿಸೋದು ಮುಖ್ಯವಾಗಿ ತಲೆಬುರುಡೆ ಮತ್ತೆ ಮೊದಲನೇ ಮೂಳೆ ನಡುವೆ. ಉಹೂಂ ಅಂತ ಆಡಿಸೋದು ಮೊದಲನೇದು ಎರಡನೇದರ ನಡುವೆ, ಮೊದಲನೇದು ಬರೀ ಬಳೆ, ಎರಡನೇದರ ಗೂಟ ಆ ಬಳೆಯೊಳಗೆ ನಿಂತಿದೆ. ಕತ್ತು ತಿರುಗೋದ್ರಲ್ಲಿ ಸುಮಾರು ಅರ್ಧ ಇದೊಂದೇ ಕೀಲಲ್ಲಿ ಆಗೋದು. ಕತ್ತನ್ನ ಜೋರಾಗಿ ಗಿರಗಿರ ಸುತ್ತಿಸಿ ಪರೀಕ್ಷೆ ಮಾಡಬೇಡಿ, ತಲೆ ಸುತ್ತು ಬರೋರು ಕತ್ತಿನ ಪ್ರಯೋಗನೇ ಬೇಡ.

ಇಷ್ಟು ಆದ್ಮೇಲೆ ಇನ್ನೊಬ್ಬರ ಕೀಲು ನೋಡಿ, ಕಲಿಕೆ ದುಪ್ಪಟ್ಟಾಗತ್ತೆ. ಮೊದಲು ಅವರೇ ಅಲ್ಲಾಡಿಸಲಿ, ಆಮೇಲೆ ನೀವು ಹಿಡಿದು ಅಲ್ಲಾಡಿಸಿ. ನೀವು ಅಲ್ಲಾಡಿಸಿದಾಗ ಯಾವಾಗಲೂ ಸ್ವಲ್ಪ ಜಾಸ್ತಿ ಹೋಗತ್ತೆ, ಅದು ಸಹಜ. ತುಂಬಾನೇ ಜಾಸ್ತಿ ಹೋದ್ರೆ ಕೀಲು ಸರಿ ಇದೆ, ಎಳೆಯೋ ಸ್ನಾಯು, ಟೆಂಡನ್ ಅಥವಾ ನರದ ಕಡೆ ನೋಡ್ಬೇಕು ಅಂತ. ಅವರು ಅಲ್ಲಾಡಿಸಿದ್ದು, ನೀವು ಅಲ್ಲಾಡಿಸಿದ್ದು ಎರಡೂ ಒಂದೇ ಜಾಗದಲ್ಲಿ ಬೇಗ ನಿಂತ್ರೆ ಅಡ್ಡಿ ಕೀಲಲ್ಲೇ ಇರಬಹುದು ಅಂತ. ಎಡ ಬಲ ಎರಡನ್ನೂ ಅಳೆದು ಬರ್ಕೊಳ್ಳಿ, ಫೋನಿನ ಲೆವೆಲ್ ಆಪ್ ಇದಕ್ಕೆ ಸಾಕು, ಪುಸ್ತಕದ ಡಿಗ್ರಿಗಿಂತ ಅವರದ್ದೇ ಇನ್ನೊಂದು ಪಕ್ಕ ಒಳ್ಳೇ ಅಳತೆಗೋಲು. ಹಿಡಿಯುವಾಗ ಬೆರಳ ತುದೀಲಿ ಚಿವುಟಿದ ಹಾಗೆ ಹಿಡಿಬೇಡಿ, ಎದುರಿನವರು ಗೊತ್ತಿಲ್ಲದೇ ಬಿಗಿ ಹಿಡಿತಾರೆ. ಪೂರ್ತಿ ಅಂಗೈ ಕೊಟ್ಟು ಅವರ ಕೈಯ ತೂಕ ನೀವು ಹೊತ್ಕೊಳ್ಳಿ, ಸ್ವಲ್ಪ ಹೊತ್ತಿಗೆ ಆ ಕೈ ಇದ್ದಕ್ಕಿದ್ದಂತೆ ಭಾರ ಆಗತ್ತೆ, ಸ್ನಾಯು ಬಿಟ್ಟಿದೆ ಅಂತ ಅರ್ಥ, ಆಗ ಶುರು ಮಾಡಿ.